ಗೆದ್ದ ನಾಡು ಉದ್ರಿಯಾಗದಿರಲಿ: ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ಅತಿಯಾಗಿ ಹಿಗ್ಗಿದ ಸಾಮ್ರಾಜ್ಯವನ್ನು ಹಿಡಿತಕ್ಕೆ ತರುವುದು ಹೇಗೆ

ಯುರೋಪಾ ಯೂನಿವರ್ಸಾಲಿಸ್ 4 ಅಂದರೆ ಒಂದು ರಾಜ್ಯವನ್ನು ಹಿಡಿದು ಶತಮಾನಗಳ ಕಾಲ ಆಳುವ ಕಂಪ್ಯೂಟರ್ ಆಟ. ಅದರ ಒಂದೇ ತರದ ಸೇವ್ ಫೈಲ್ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ. ಹುಬ್ಬಳ್ಳಿಯ ಗೆಳೆಯರದ್ದು, ಧಾರವಾಡದಲ್ಲಿ ಓದುವ ಹುಡುಗರದ್ದು, ಗದಗಿನವರೊಬ್ಬರದ್ದು. ಎಲ್ಲರೂ ಆಡುವುದು ವಿಜಯನಗರ. ಎಲ್ಲರೂ ಬಹಮನಿಯನ್ನು ಚೆನ್ನಾಗಿಯೇ ಸೋಲಿಸಿರುತ್ತಾರೆ. ಆಮೇಲೆ ಐದಾರು ವರ್ಷದಲ್ಲಿ ರಾಜ್ಯ ಚೂರು ಚೂರು.

ಮೊನ್ನೆ ಕಾಕಾನ ಮಗ ವಿದ್ಯಾನಗರದ ತನ್ನ ರೂಮಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡೇ ಮನೆಗೆ ಬಂದ. "ಅಣ್ಣಾ, ಎಲ್ಲಾ ಗೆದ್ದೀನಿ. ಆದ್ರ ಎಲ್ಲಾ ಕಡೆ ಬಂಡಾಯ ಏಳಾಕತ್ತಾವು. ಸೈನ್ಯ ಎಷ್ಟ್ ಓಡಿಸಿದ್ರೂ ಮುಗೀವಲ್ದು" ಅಂದ. ತೆರೆದು ನೋಡಿದೆ. ಓವರ್‌ಎಕ್ಸ್‌ಟೆನ್ಶನ್ (ಗೆದ್ದರೂ ಇನ್ನೂ ಪೂರ್ತಿ ತನ್ನದಾಗದ ನೆಲದ ಭಾರ) 100% ದಾಟಿತ್ತು. ಆಡಳಿತದ ಕೆಲಸಕ್ಕೆ ಖರ್ಚು ಮಾಡುವ ಅಡ್ಮಿನ್ ಪಾಯಿಂಟ್ ಉಳಿದದ್ದು 22. ಏಳು ಸಾಲ. ಸೈನ್ಯ ಮಾತ್ರ ಗಟ್ಟಿಯಾಗಿತ್ತು.

ತಪ್ಪು ಇರುವುದು ಇಲ್ಲೇ. ಅತಿಯಾಗಿ ಹಿಗ್ಗಿದ ಸಾಮ್ರಾಜ್ಯ ಸೈನ್ಯದ ಸಮಸ್ಯೆ ಅಲ್ಲ, ಲೆಕ್ಕದ ಸಮಸ್ಯೆ. ದುರ್ಗದಬೈಲಿನಲ್ಲಿ ನಮ್ಮ ಅಪ್ಪನ ಅಂಗಡಿ ಇತ್ತು. ಅಲ್ಲಿ ಉದ್ರಿ ಬರೆಯುವ ಉದ್ದನೆಯ ಕೆಂಪು ವಹಿ ಒಂದಿತ್ತು. ಮಾಲು ಹೋಗಿದೆ, ದುಡ್ಡು ಬಂದಿಲ್ಲ. ಕೋರ್ ಆಗದ, ಅಂದರೆ ಪಾಯಿಂಟ್ ಕೊಟ್ಟು ಪೂರ್ತಿ ನಿಮ್ಮದು ಅಂತ ಮಾಡಿಕೊಳ್ಳದ ಪ್ರಾಂತವೂ ಹಾಗೆಯೇ. ನಕ್ಷೆಯಲ್ಲಿ ನಿಮ್ಮ ಬಣ್ಣ ಬಂದಿದೆ, ಆದರೆ ಅದು ಇನ್ನೂ ನಿಮ್ಮದಾಗಿಲ್ಲ. ಉದ್ರಿ ಎಷ್ಟು ಬೆಳೆಯಲು ಬಿಡಬಹುದು ಅನ್ನುವುದು ನಿಮ್ಮ ಅಡ್ಮಿನ್ ಪಾಯಿಂಟ್ ಮೇಲೆ ನಿಂತಿದೆ. ಬೇರೆ ಯಾವುದರ ಮೇಲೂ ಅಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಆರನೇ ಹಂತದಿಂದ, ಅಂದರೆ ಬಂಡಾಯ ಬಡಿಯುವುದರಿಂದ ಶುರು ಮಾಡುತ್ತಾರೆ. ಅದಕ್ಕೇ ಸೋಲುತ್ತಾರೆ.

## ಕೈಯಲ್ಲಿ ಏನು ಇರಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು. ಇದು ಸುಮ್ನೆ ಹೇಳುತ್ತಿಲ್ಲ. ಆಟ ನೂರು ಸಂಖ್ಯೆ ತೋರಿಸುತ್ತದೆ, ಆದರೆ ಬೇಕಾದ ಐದನ್ನು ಒಂದೇ ಕಡೆ ತೋರಿಸುವುದಿಲ್ಲ.

ಸ್ಪೇಸ್ ಬಾರ್ ಒತ್ತಿದರೆ ಆಟ ನಿಲ್ಲುತ್ತದೆ, ಅದನ್ನು ಧಾರಾಳವಾಗಿ ಬಳಸಿ. ಆಟದ ವೇಗ ಐದು ಮಟ್ಟದ್ದು. ರಾಜ್ಯ ತೊಂದರೆಯಲ್ಲಿ ಇರುವಾಗ ಮೂರನ್ನು ದಾಟಬೇಡಿ.

ಆಟೋಸೇವ್ ಆನ್ ಇದೆಯಾ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗುವುದಿಲ್ಲ. ಹಾವೇರಿ ಹತ್ತಿರದ ಹಳ್ಳಿಯಿಂದ ಡೆಸ್ಕ್‌ಟಾಪ್‌ನಲ್ಲಿ ಆಡುವ ಗೆಳೆಯನೊಬ್ಬ ಮೂರು ಗಂಟೆಯ ಆಟ ಹಾಗೇ ಕಳೆದುಕೊಂಡ. ಯುಪಿಎಸ್ ಇಲ್ಲದಿದ್ದರೆ ಪ್ರತಿ ಸಂಧಿಗೆ ಮುಂಚೆ ಕೈಯಾರೆ ಒಂದು ಸೇವ್ ಮಾಡಿ. ಐರನ್‌ಮ್ಯಾನ್ ಅನ್ನುವ ಕಠಿಣ ವಿಧಾನದಲ್ಲಿ ಹಳೆಯ ಸೇವ್‌ಗೆ ಮರಳುವ ದಾರಿ ಇಲ್ಲ. ಹಾಗಾಗಿ ಕಲಿಯುವಾಗ ಅದು ಬೇಡ.

ಇನ್ನೊಂದು ಮಾತು. ಇಲ್ಲಿ ಕೊಟ್ಟ ಸಂಖ್ಯೆಗಳು 2020ರ 1.30 ಪ್ಯಾಚ್ ನಂತರದ ಆಟದ ಮೂಲ ಬೆಲೆಗಳು. ನಿಮ್ಮ ರಾಜ್ಯದ ಐಡಿಯಾ (ರಾಜ್ಯಕ್ಕೆ ಸಿಗುವ ಶಾಶ್ವತ ಅನುಕೂಲ), ಸಲಹೆಗಾರರು, ಸವಲತ್ತುಗಳಿಂದ ಅವು ಏರಿಳಿಯುತ್ತವೆ. ಬಟನ್ ಮೇಲೆ ಮೌಸ್ ಇಟ್ಟಾಗ ಬರುವ ಟೂಲ್‌ಟಿಪ್ ಏನು ಹೇಳುತ್ತದೆಯೋ ಅದೇ ಕೊನೆಯ ಮಾತು.

## ಹಂತ 1: ಆಟ ನಿಲ್ಲಿಸಿ, ಐದು ಸಂಖ್ಯೆ ಬರೆದುಕೊಳ್ಳಿ

ಒಂದು, ಈಗಿನ ಓವರ್‌ಎಕ್ಸ್‌ಟೆನ್ಶನ್ ಎಷ್ಟು. ಎರಡು, ಕೈಯಲ್ಲಿರುವ ಅಡ್ಮಿನ್ ಪಾಯಿಂಟ್. ಮೂರು, ತಿಂಗಳಿಗೆ ಬರುವ ಅಡ್ಮಿನ್ ಪಾಯಿಂಟ್. ನಾಲ್ಕು, ಕೋರ್ ಆಗದ ಪ್ರಾಂತಗಳ ಒಟ್ಟು ಡೆವಲಪ್‌ಮೆಂಟ್ (ಪ್ರಾಂತ ಎಷ್ಟು ಬೆಳೆದಿದೆ ಅನ್ನುವ ಅಂಕ). ಐದು, ತಿಂಗಳ ಉಳಿತಾಯ ಅಥವಾ ನಷ್ಟ.

ತಮ್ಮನ ಸೇವ್‌ನಲ್ಲಿ ಕೋರ್ ಆಗದ ಪ್ರಾಂತ ಒಂಬತ್ತು, ಡೆವಲಪ್‌ಮೆಂಟ್ ಒಟ್ಟು 120. ಎರಡು ಯುದ್ಧ ಬೆನ್ನುಬೆನ್ನಿಗೆ ಮಾಡಿದ್ದ. ಒಂದು ಪ್ರಾಂತಕ್ಕೂ ಕ್ಲೇಮ್ (ಆ ನೆಲ ನಮಗೆ ಸೇರಬೇಕು ಅನ್ನುವ ಹಕ್ಕುಸಾಧನೆ) ಇರಲಿಲ್ಲ. ಪೂರ್ತಿ ಕೋರ್‌ಗೆ ಒಂದು ಡೆವಲಪ್‌ಮೆಂಟ್‌ಗೆ 10 ಅಡ್ಮಿನ್ ಪಾಯಿಂಟ್ ಬೇಕು. ನೇರ ಆಡಳಿತಕ್ಕೆ ಸೇರಿದ ಸ್ಟೇಟ್ ಮಾಡದೆ, ಸಡಿಲ ಹಿಡಿತದ ಟೆರಿಟರಿ ಆಗಿಯೇ ಇಟ್ಟು ಕೋರ್ ಮಾಡಿದರೆ ಅದರ ಅರ್ಧ. ಅಂದರೆ ಅಗ್ಗದ ದಾರಿಯಲ್ಲೂ ಅವನಿಗೆ 600 ಬೇಕಿತ್ತು.

ಅವನ ಆದಾಯ ತಿಂಗಳಿಗೆ 6. ಆಟ ಎಲ್ಲರಿಗೂ ಕೊಡುವ 3, ರಾಜನ 2, ಸಲಹೆಗಾರನ 1. ಕೈಯಲ್ಲಿ 22 ಇದೆ. ಉಳಿದ 578 ಕೂಡಿಸಲು 96 ತಿಂಗಳಿಗಿಂತ ಜಾಸ್ತಿ, ಅಂದರೆ ಎಂಟು ವರ್ಷ. ಅದರ ಮೇಲೆ ಕೊನೆಯ ಕೋರ್ ಮುಗಿಯಲು ಮತ್ತೆ 36 ತಿಂಗಳು.

ಈ ಲೆಕ್ಕವನ್ನು ಅವನು ಕಾಗದದ ಮೇಲೆ ತಾನೇ ಬರೆದ. ಬರೆದು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತ. ಸೈನ್ಯ ಎಷ್ಟಿದ್ದರೂ ಹನ್ನೊಂದು ವರ್ಷ ಬಂಡಾಯ ಬಡಿಯುತ್ತಾ ಇರಲು ಆಗುವುದಿಲ್ಲ ಅಲ್ವಾ?

## ಹಂತ 2: ನಡೆಯುತ್ತಿರುವ ಯುದ್ಧ ಮುಗಿಸಿ

ಇನ್ನೊಂದು ಯುದ್ಧ ನಡೆಯುತ್ತಿದ್ದರೆ ಇವತ್ತೇ ಮುಗಿಸಿ. ಗೆಲ್ಲುತ್ತಿದ್ದರೂ ಮುಗಿಸಿ. ನೆಲ ಕೇಳಬೇಡಿ, ದುಡ್ಡು ಕೇಳಿ. ಯುದ್ಧ ಪರಿಹಾರವನ್ನೂ ಕೇಳಬಹುದು. ಸೋತವನ ಆದಾಯದಲ್ಲಿ ಒಂದು ಪಾಲು ಹತ್ತು ವರ್ಷ ನಿಮಗೆ ಬರುತ್ತದೆ. ಶತ್ರುವಿನ ಮೈತ್ರಿ ಮುರಿಸಬಹುದು. ಇವು ಯಾವುದರಿಂದಲೂ ಓವರ್‌ಎಕ್ಸ್‌ಟೆನ್ಶನ್ ಏರುವುದಿಲ್ಲ.

ಯುದ್ಧ ಎಳೆದಷ್ಟೂ ವಾರ್ ಎಕ್ಸಾಶನ್ (ಯುದ್ಧದ ದಣಿವು) ಏರುತ್ತದೆ, ಅದು ಏರಿದಷ್ಟೂ ಇಡೀ ರಾಜ್ಯದಲ್ಲಿ ಅಶಾಂತಿ ಏರುತ್ತದೆ. 75 ಡಿಪ್ಲೊಮ್ಯಾಟಿಕ್ ಪಾಯಿಂಟ್ ಕೊಟ್ಟರೆ 2 ಇಳಿಯುತ್ತದೆ. ಯುದ್ಧ ಮುಗಿದ ಮೇಲೆ ಒಮ್ಮೆ ಹಾಗೆ ಮಾಡುವುದು ಒಳ್ಳೆಯ ಖರ್ಚು. ಯುದ್ಧದ ನಡುವೆ ಮಾಡಿದರೆ ತಳ ಒಡೆದ ಕೊಡಕ್ಕೆ ನೀರು ಹಾಕಿದ ಹಾಗೆ.

## ಹಂತ 3: ಅಡ್ಮಿನ್ ಪಾಯಿಂಟ್ ಸೋರುವುದನ್ನು ನಿಲ್ಲಿಸಿ

ಅಡ್ಮಿನ್ ಪಾಯಿಂಟ್‌ಗೆ ಬಾಯಿಗಳು ಬಹಳ. ಟೆಕ್ನಾಲಜಿಯ ಮೂಲ ಬೆಲೆ 600, ಒಂದು ಐಡಿಯಾ 400, ಸ್ಟೆಬಿಲಿಟಿ (ರಾಜ್ಯದ ಸ್ಥಿರತೆ) ಒಂದು ಮೆಟ್ಟಿಲು 100, ಇನ್‌ಫ್ಲೇಶನ್ ಇಳಿಸಲು 75. ಇವೆಲ್ಲ ಮೇಲೆ ಹೊಳೆಯುವ ಚಿಹ್ನೆಯಾಗಿ ಕರೆಯುತ್ತಲೇ ಇರುತ್ತವೆ. ಅದರಲ್ಲೂ ಟೆಕ್ನಾಲಜಿ ತಗೋಬಹುದು ಅನ್ನುವ ಸೂಚನೆ ಕಂಡರೆ ಕೈ ತಡೆಯುವುದಿಲ್ಲ. ತಮ್ಮ ಮಾಡಿದ್ದೂ ಅದನ್ನೇ. ಸಂಧಿಗೆ ಎರಡು ತಿಂಗಳು ಮುಂಚೆ ಅಡ್ಮಿನ್ ಟೆಕ್ ತಗೊಂಡಿದ್ದ. ಆ ಪಾಯಿಂಟ್ ಉಳಿದಿದ್ದರೆ ಒಂಬತ್ತೂ ಪ್ರಾಂತದ ಕೋರ್ ಒಂದೇ ದಿನ ಶುರುವಾಗುತ್ತಿತ್ತು.

ಓವರ್‌ಎಕ್ಸ್‌ಟೆನ್ಶನ್ ಇರುವವರೆಗೆ ಅಡ್ಮಿನ್ ಪಾಯಿಂಟ್ ಕೋರ್‌ಗೆ ಮಾತ್ರ. ಅಡ್ಮಿನ್ ಪಾಯಿಂಟ್ ಹಾಕಿ ಪ್ರಾಂತದ ತೆರಿಗೆ ಬೆಳೆಸುವುದಂತೂ ಈಗ ಬೇಡವೇ ಬೇಡ. ಒಂದೇ ವಿನಾಯಿತಿ ಇದೆ. ಸ್ಟೆಬಿಲಿಟಿ ಸೊನ್ನೆಗಿಂತ ಕೆಳಗೆ ಇದ್ದರೆ ಅದನ್ನು ಸೊನ್ನೆಗೆ ತರಬೇಕು, ಏಕೆಂದರೆ ಅದು ಕೆಳಗಿದ್ದರೆ ಎಲ್ಲ ಪ್ರಾಂತದಲ್ಲೂ ಅಶಾಂತಿ. ಆದರೆ ಓವರ್‌ಎಕ್ಸ್‌ಟೆನ್ಶನ್ ಇರುವಾಗ ಸ್ಟೆಬಿಲಿಟಿಯ ಬೆಲೆಯೇ ಜಾಸ್ತಿ ಆಗಿರುತ್ತದೆ. ಹಾಗಾಗಿ ಸೊನ್ನೆಯಿಂದ ಮೇಲಕ್ಕೆ ಏರಿಸುವ ಕೆಲಸ ಆಮೇಲೆ ಇಟ್ಟುಕೊಳ್ಳಿ.

ಸೋರಿಕೆ ನಿಂತ ಮೇಲೆ ಒಳಹರಿವು ಹೆಚ್ಚಿಸಿ. ಸಲಹೆಗಾರರ ತಿಂಗಳ ಸಂಬಳ ಒಂದನೇ ದರ್ಜೆಗೆ 1 ಡಕಟ್ (ಆಟದ ನಾಣ್ಯ), ಎರಡಕ್ಕೆ 4, ಮೂರಕ್ಕೆ 9, ಇದು ಮೂಲ ದರ. ಮೂರನೇ ದರ್ಜೆ ಎಲ್ಲರಿಗೂ ಕೈಗೆಟುಕುವುದಿಲ್ಲ. ಎರಡನೆಯದು ಎಟುಕುತ್ತದೆ. ದುಡ್ಡಿನ ಬಿಗಿ ಇದ್ದರೂ ಮೂವರು ಸಲಹೆಗಾರರಲ್ಲಿ ಅಡ್ಮಿನ್ ಸಲಹೆಗಾರನನ್ನು ಮಾತ್ರ ಬಿಡಬೇಡಿ. ಖರ್ಚು ಉಳಿಸಲು ಮೊದಲು ಅವನನ್ನೇ ತೆಗೆದುಹಾಕಿದ ಸೇವ್‌ಗಳನ್ನು ನಾಲ್ಕೈದು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಎಸ್ಟೇಟ್‌ಗಳ (ರಾಜ್ಯದ ಪ್ರಬಲ ವರ್ಗಗಳ) ಪರದೆಯನ್ನೂ ತೆರೆದು ನೋಡಿ. ತಿಂಗಳಿಗೆ 1 ಪಾಯಿಂಟ್ ಕೊಡುವ ಸವಲತ್ತುಗಳು ಅಲ್ಲಿ ಇರುತ್ತವೆ. ತಮ್ಮನಿಗೆ ಎರಡನೇ ದರ್ಜೆಯ ಸಲಹೆಗಾರ ಮತ್ತು ಒಂದು ಸವಲತ್ತು ಸೇರಿ ಆದಾಯ 6ರಿಂದ 8ಕ್ಕೆ ಬಂತು. ಕೇಳಲು ಸಣ್ಣದು, ಆದರೆ ವರ್ಷಕ್ಕೆ 24 ಜಾಸ್ತಿ.

## ಹಂತ 4: ಕೋರ್ ಮಾಡುವ ಕ್ರಮ

ಕೋರ್ ಬಟನ್ ಒತ್ತಿದ ದಿನವೇ ಪಾಯಿಂಟ್ ಪೂರ್ತಿ ಹೋಗುತ್ತದೆ, ಆದರೆ ಭಾರ ಇಳಿಯುವುದು ಕೋರ್ ಮುಗಿದ ಮೇಲೆ. ಮೂಲ ಅವಧಿ 36 ತಿಂಗಳು. ಅದಕ್ಕೇ ಒಂದು ದಿನವೂ ತಡ ಮಾಡಬಾರದು. ಪಾಯಿಂಟ್ ಕೂಡಿಟ್ಟು ಎಲ್ಲವನ್ನೂ ಒಟ್ಟಿಗೆ ಮಾಡೋಣ ಅನ್ನುವವರು ಸುಮ್ನೆ ವರ್ಷ ಕಳೆಯುತ್ತಾರೆ. ಒಂದು ಪ್ರಾಂತಕ್ಕೆ ಸಾಕಾಗುವಷ್ಟು ಆಯಿತಾ, ಒತ್ತಿಬಿಡಿ. ಕೋರ್‌ಗಳು ಒಟ್ಟೊಟ್ಟಿಗೆ ನಡೆಯುತ್ತವೆ, ಸರದಿ ಇಲ್ಲ.

ಯಾವುದು ಮೊದಲು? ಕ್ಲೇಮ್ ಇರುವ ಪ್ರಾಂತ ಮೊದಲು. ಕ್ಲೇಮ್ ಇದ್ದರೆ ಬೆಲೆ 10% ಕಡಿಮೆ, ಶಾಶ್ವತ ಕ್ಲೇಮ್ ಇದ್ದರೆ 25% ಕಡಿಮೆ. ಕಡಿಮೆ ಪಾಯಿಂಟ್‌ಗೆ ಅಷ್ಟೇ ಭಾರ ಇಳಿಯುತ್ತದೆ. ಆಮೇಲೆ ನಿಮ್ಮ ಹಳೆಯ ನೆಲಕ್ಕೆ ಅಂಟಿಕೊಂಡ ಪ್ರಾಂತಗಳು. ವಿಜಯನಗರದವರಿಗೆ ಇದು ರಾಯಚೂರು ದೋಆಬ್ ಕಡೆಯ ನೆಲ. ದೂರದಲ್ಲಿ ಒಂಟಿಯಾಗಿ ಬಿದ್ದ ಪ್ರಾಂತ ಕೊನೆಗೆ. ಅದಕ್ಕೆ ದಾರಿ ಸೇರದಿದ್ದರೆ ಕೋರ್ ಬಟನ್ ಮಸುಕಾಗಿಯೇ ಇರುತ್ತದೆ. ಅದನ್ನು ಸಂಧಿಗೆ ಮುಂಚೆಯೇ ನೋಡಬೇಕಿತ್ತು.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಹೊಸ ನೆಲವನ್ನು ಆಸೆಯಿಂದ ತಕ್ಷಣ ಸ್ಟೇಟ್ ಮಾಡುವುದು. ಸ್ಟೇಟ್ ಒಳಗೆ ಕೋರ್ ಮಾಡಿದರೆ ಪೂರ್ತಿ ಬೆಲೆ. ಟೆರಿಟರಿಯಾಗಿ ಬಿಟ್ಟರೆ ಅರ್ಧ ಬೆಲೆ, ಮತ್ತು ಓವರ್‌ಎಕ್ಸ್‌ಟೆನ್ಶನ್ ಇಳಿಸಲು ಟೆರಿಟರಿ ಕೋರ್ ಸಾಕು. ಬಿಕ್ಕಟ್ಟಿನಲ್ಲಿ ಬೇಕಾದದ್ದು ಭಾರ ಇಳಿಯುವುದು. ತೆರಿಗೆ ಆಮೇಲೆ ಬರಲಿ.

ಕೋರ್‌ಗಾಗಿ ಪ್ರಾಂತ ಪ್ರಾಂತ ಹುಡುಕಬೇಡಿ. ಬಿ ಕೀ ಒತ್ತಿದರೆ ಮ್ಯಾಕ್ರೋ ಬಿಲ್ಡರ್ ತೆರೆಯುತ್ತದೆ, ಕೋರ್ ಭಾಗದಲ್ಲಿ ಎಲ್ಲವೂ ಬೆಲೆ ಸಮೇತ ಕಾಣುತ್ತವೆ.

## ಹಂತ 5: ತಡೆಯಲಾಗದ ನೆಲವನ್ನು ಸಾಮಂತನಿಗೆ ಕೊಡಿ

ಇದು ಈ ಮಾರ್ಗದರ್ಶಿಯ ಅತಿ ಮುಖ್ಯ ಹಂತ. ಜನ ಹೆಚ್ಚು ಒಪ್ಪದ ಹಂತವೂ ಇದೇ. ಗೆದ್ದದ್ದನ್ನು ಬೇರೆಯವನ ಹೆಸರಿಗೆ ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ತಮ್ಮನೂ ಅರ್ಧ ಗಂಟೆ ವಾದ ಮಾಡಿದ. "ನಾ ಗೆದ್ದಿದ್ದು ಅವ್ರಿಗ್ಯಾಕ್ ಕೊಡ್ಲಿ?" ಅಂತ.

ಹಂತ 1ರ ಲೆಕ್ಕ ಮತ್ತೆ ನೋಡಿ. ಮೂರು ವರ್ಷದ ಆದಾಯದಲ್ಲಿ ಕೋರ್ ಮಾಡಲಾಗದಷ್ಟು ನೆಲ ಇದ್ದರೆ, ಮಿಕ್ಕದ್ದನ್ನು ಕೊಡುವುದೇ ದಾರಿ. ಸೋತ ಹಳೆಯ ರಾಜ್ಯಗಳ ಕೋರ್ ನೀವು ಗೆದ್ದ ಪ್ರಾಂತಗಳ ಮೇಲೆ ಇನ್ನೂ ಉಳಿದಿರಬಹುದು. ಅಂಥ ರಾಜ್ಯವನ್ನು ಸಾಮಂತನಾಗಿ ಬಿಡುಗಡೆ ಮಾಡಿದರೆ ಅವನಿಗೆ ಅಲ್ಲಿ ಮೊದಲೇ ಕೋರ್ ಇದೆ. ಪಾಯಿಂಟ್ ಬೇಡ, ಕಾಯುವುದು ಬೇಡ. ನಿಮ್ಮ ತಲೆ ಮೇಲಿನ ಭಾರ ಅದೇ ದಿನ ಇಳಿಯುತ್ತದೆ.

ತಮ್ಮನ ಒಂಬತ್ತು ಪ್ರಾಂತಗಳಲ್ಲಿ ಐದರ ಮೇಲೆ ಒಂದು ಹಳೆಯ ರಾಜ್ಯದ ಕೋರ್ ಇತ್ತು. ಅವುಗಳ ಡೆವಲಪ್‌ಮೆಂಟ್ 70. ಬಿಡುಗಡೆ ಮಾಡಿದ ಕೂಡಲೇ ಓವರ್‌ಎಕ್ಸ್‌ಟೆನ್ಶನ್ ಅರ್ಧಕ್ಕಿಂತ ಕೆಳಗೆ ಬಂತು. ಉಳಿದದ್ದು ನಾಲ್ಕು ಪ್ರಾಂತ, ಡೆವಲಪ್‌ಮೆಂಟ್ 50, ಟೆರಿಟರಿ ಕೋರ್‌ಗೆ 250 ಪಾಯಿಂಟ್. ತಿಂಗಳಿಗೆ 8ರಂತೆ ಎರಡೂವರೆ ವರ್ಷದೊಳಗೆ ಕೊನೆಯ ಬಟನ್ ಕೂಡ ಒತ್ತಬಹುದು. ಎಂಟು ವರ್ಷ ಎಲ್ಲಿ, ಎರಡೂವರೆ ಎಲ್ಲಿ.

ಕೋರ್ ಇಲ್ಲದ ಪ್ರಾಂತವನ್ನೂ ಪಕ್ಕದ ಸಾಮಂತನಿಗೆ ಕೊಡಬಹುದು. ಆದರೆ ಆಗ ಅವನು ತನ್ನ ಪಾಯಿಂಟ್‌ನಲ್ಲಿ ಕೋರ್ ಮಾಡಬೇಕು. ಸಣ್ಣ ಸಾಮಂತನ ಬಾಯಿಗೆ ಒಮ್ಮೆಲೇ ತುರುಕಿದರೆ ಅವನೂ ನಿಮ್ಮ ಹಾಗೆಯೇ ಸಿಕ್ಕಿಹಾಕಿಕೊಳ್ಳುತ್ತಾನೆ, ಅವನ ನೆಲದ ಬಂಡಾಯ ಅಡಗಿಸಲು ನಿಮ್ಮ ಸೈನ್ಯವೇ ಹೋಗಬೇಕಾಗುತ್ತದೆ. ಎರಡು ಎರಡು ಪ್ರಾಂತ, ನಡುವೆ ಬಿಡುವು.

ಎಚ್ಚರಿಕೆಯ ಗುರುತು: ಸಾಮಂತನ ಲಿಬರ್ಟಿ ಡಿಸೈರ್ (ಸ್ವತಂತ್ರನಾಗುವ ಆಸೆ) 50% ದಾಟಿದರೆ ಅವನು ನಿಮ್ಮ ಮಾತು ಕೇಳುವುದಿಲ್ಲ. 40ರ ಹತ್ತಿರ ಬಂದಾಗಲೇ ರಾಯಭಾರಿಯನ್ನು ಕಳಿಸಿ ಸಂಬಂಧ ಸುಧಾರಿಸಿ. ಹಾಗೇ ಪ್ರತಿ ಸಾಮಂತ ಒಂದು ರಾಜತಾಂತ್ರಿಕ ಸಂಬಂಧದ ಜಾಗ ಹಿಡಿಯುತ್ತಾನೆ. ಮಿತಿ ದಾಟಿದರೆ ಪ್ರತಿ ತಿಂಗಳು ಡಿಪ್ಲೊಮ್ಯಾಟಿಕ್ ಪಾಯಿಂಟ್ ಕಡಿತ. ಮೂರು ಮರಿ ಸಾಮಂತರಿಗಿಂತ ಒಬ್ಬ ದೊಡ್ಡವನು ಮೇಲು.

ಕೊಟ್ಟ ನೆಲ ಹೋಗಿಬಿಟ್ಟಿತು ಅಂತಲ್ಲ. ಹತ್ತು ವರ್ಷ ಸಾಮಂತನಾಗಿದ್ದ ಮೇಲೆ, ಸಂಬಂಧ ಚೆನ್ನಾಗಿದ್ದರೆ, ಅವನನ್ನು ನಿಮ್ಮ ರಾಜ್ಯಕ್ಕೆ ಸೇರಿಸಿಕೊಳ್ಳಬಹುದು. ಒಂದು ಡೆವಲಪ್‌ಮೆಂಟ್‌ಗೆ ಮೂಲ ಬೆಲೆ 8 ಡಿಪ್ಲೊಮ್ಯಾಟಿಕ್ ಪಾಯಿಂಟ್. ಅಂದರೆ ಅಡ್ಮಿನ್ ಮೇಲಿನ ಹೊರೆಯನ್ನು ಇನ್ನೊಂದು ಜೇಬಿನಿಂದ ತೀರಿಸುತ್ತೀರಿ, ಅದೂ ನಿಧಾನವಾಗಿ.

ಸಾಮಂತನೂ ಇಲ್ಲ, ಪಾಯಿಂಟೂ ಇಲ್ಲ ಅಂದರೆ ಮಿತ್ರ ರಾಜ್ಯಕ್ಕೆ ಪ್ರಾಂತ ಮಾರುವ ದಾರಿ ಇದೆ. ಕೊನೆಯ ದಾರಿ ಅದು.

## ಹಂತ 6: ಈಗ ಬಂಡಾಯದ ಕಡೆ ತಿರುಗಿ

ಹೊಸದಾಗಿ ಗೆದ್ದ ಪ್ರಾಂತದಲ್ಲಿ 30 ವರ್ಷದ ಪ್ರತ್ಯೇಕತೆಯ ಸಿಟ್ಟು ಇರುತ್ತದೆ. ಮೊದಲ ದಿನ ಅದರಿಂದಲೇ +15 ಅಶಾಂತಿ, ಆಮೇಲೆ ವರ್ಷಕ್ಕೆ 0.5ರಂತೆ ಇಳಿಯುತ್ತದೆ. ಓವರ್‌ಎಕ್ಸ್‌ಟೆನ್ಶನ್ 100% ಇದ್ದರೆ ಇಡೀ ರಾಜ್ಯಕ್ಕೆ ಇನ್ನೂ +5. 100 ದಾಟಿದರೆ ಕೆಟ್ಟ ಘಟನೆಗಳು ಒಂದರ ಹಿಂದೊಂದು ಬರುತ್ತವೆ. ಅದಕ್ಕೇ ಐದು ಹಂತ ಮುಗಿಸಿ ಇಲ್ಲಿಗೆ ಬನ್ನಿ ಅಂದದ್ದು. ಭಾರ ಇಳಿಸದೆ ಬಂಡಾಯ ಅಡಗಿಸುವುದು ಅಂದರೆ ನಲ್ಲಿ ಬಂದ್ ಮಾಡದೆ ನೆಲ ಒರೆಸಿದ ಹಾಗೆ.

ಅಶಾಂತಿಯ ನಕ್ಷೆ ತೆರೆಯಿರಿ. ಅಶಾಂತಿ ಸೊನ್ನೆಗಿಂತ ಮೇಲಿರುವ ಪ್ರಾಂತಗಳಲ್ಲಿ ಬಂಡಾಯದ ಪ್ರಗತಿ ಏರುತ್ತಾ ಹೋಗುತ್ತದೆ, 100 ಮುಟ್ಟಿದಾಗ ಅವರು ಎದ್ದು ನಿಲ್ಲುತ್ತಾರೆ. ಯಾವ ಗುಂಪು, ಎಷ್ಟು ಪ್ರಗತಿ, ಎಷ್ಟು ಸೈನ್ಯ ಏಳಬಹುದು, ಎಲ್ಲವೂ ಬಂಡಾಯದ ಪಟ್ಟಿಯಲ್ಲಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡುವ ರೂಢಿ ಮಾಡಿಕೊಳ್ಳಿ.

ಮೊದಲ ಆಯುಧ ಆಟೋನಮಿ (ಪ್ರಾಂತದ ಸ್ವಾಯತ್ತತೆ) ಏರಿಸುವುದು. ಪ್ರಾಂತದ ಪರದೆಯಲ್ಲಿ ಆ ಬಟನ್ ಇದೆ. ಒತ್ತಿದರೆ ಅಶಾಂತಿ 10 ಇಳಿಯುತ್ತದೆ, ಆಟೋನಮಿ 25% ಏರುತ್ತದೆ. ತೆರಿಗೆ ಹೋಗುತ್ತದೆ ಅಂತ ಇದನ್ನು ಯಾರೂ ಮುಟ್ಟುವುದಿಲ್ಲ. ಆದರೆ ಹೊಸ ಟೆರಿಟರಿಯಲ್ಲಿ ಆಟೋನಮಿ ಮೊದಲೇ 90%ರ ಹತ್ತಿರ ಇರುತ್ತದೆ, ಅಲ್ಲಿಂದ ದುಡ್ಡು ಬರುತ್ತಿರುವುದೇ ಅಷ್ಟಕ್ಕಷ್ಟೆ. ಕಳೆದುಕೊಳ್ಳುವುದು ಹಿಡಿಯಷ್ಟು, ಸಿಗುವುದು ನೆಮ್ಮದಿ. ಒಮ್ಮೆ ಒತ್ತಿದ ಮೇಲೆ ಆ ಪ್ರಾಂತದಲ್ಲಿ ಬಹಳ ವರ್ಷ ಮತ್ತೆ ಬದಲಿಸಲಾಗುವುದಿಲ್ಲ. ಹಾಗಾಗಿ ನಿಮ್ಮ ಹಳೆಯ ಶ್ರೀಮಂತ ಪ್ರಾಂತಗಳಲ್ಲಾದರೆ ಒತ್ತುವ ಮುಂಚೆ ಯೋಚಿಸಿ.

ಎರಡನೆಯದು ಸೈನ್ಯ ಇಡುವ ಜಾಗ. ಸೈನ್ಯ ನಿಂತ ಪ್ರಾಂತದಲ್ಲಿ ಅಶಾಂತಿ ಕಡಿಮೆ ಆಗುತ್ತದೆ. ಇಡೀ ಸೈನ್ಯವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿಸುವ ಬದಲು ಮೂರು ತುಂಡು ಮಾಡಿ, ಬಿಸಿ ಜಾಸ್ತಿ ಇರುವ ಪ್ರಾಂತಗಳಲ್ಲಿ ಕೂರಿಸಿ. ಪ್ರತಿ ತುಂಡು ಏಳಬಹುದಾದ ಬಂಡುಕೋರರ ಸಂಖ್ಯೆಗಿಂತ ದೊಡ್ಡದಿರಲಿ.

ಮೂರನೆಯದು, ಏಳಲು ಬಿಟ್ಟು ಹೊಡೆಯುವುದು. ಕೆಲವೊಮ್ಮೆ ಇದೇ ಒಳ್ಳೆಯದು. ಒಮ್ಮೆ ಎದ್ದು ಸೋತ ಪ್ರಾಂತ ಕೆಲವು ವರ್ಷ ತಣ್ಣಗಿರುತ್ತದೆ. ಸೈನ್ಯ ಹತ್ತಿರದಲ್ಲಿದ್ದು, ನೆಲ ನಿಮಗೆ ಅನುಕೂಲವಾಗಿದ್ದರೆ ಏಳಲಿ ಬಿಡಿ. ಆದರೆ ಮೂರು ಗುಂಪು ಒಂದೇ ವರ್ಷದಲ್ಲಿ 100ರ ಹತ್ತಿರ ಇದ್ದರೆ ಒಂದನ್ನು ಮಿಲಿಟರಿ ಪಾಯಿಂಟ್ ಕೊಟ್ಟು ಹಿಂದಕ್ಕೆ ತಳ್ಳಿ, ಹೊಡೆತಗಳ ನಡುವೆ ಉಸಿರು ತಗೊಳ್ಳಲು.

ಬಂಡುಕೋರರ ಬೇಡಿಕೆ ಒಪ್ಪುವ ಬಟನ್ ಮುಟ್ಟುವ ಮುಂಚೆ ಗುಂಪು ಯಾವುದು ನೋಡಿ. ಪ್ರತ್ಯೇಕತಾವಾದಿಗಳ ಬೇಡಿಕೆ ಒಪ್ಪಿದರೆ ಪ್ರಾಂತಗಳೇ ಕೈಬಿಟ್ಟು ಹೋಗುತ್ತವೆ.

## ಹಂತ 7: ದುಡ್ಡು

ಆಟದ ಸಾಲ ಐದು ವರ್ಷದ್ದು, ಮೂಲ ಬಡ್ಡಿ ವರ್ಷಕ್ಕೆ 4%. ಪ್ರತಿ ಸಾಲದ ಜೊತೆ ಸ್ವಲ್ಪ ಇನ್‌ಫ್ಲೇಶನ್ ಕೂಡ ಬರುತ್ತದೆ. ಬಡ್ಡಿ ಕಟ್ಟಲು ಹೊಸ ಸಾಲ ತಗೊಳ್ಳುವ ದಿನ ಬಂದರೆ ಅದೇ ಎಚ್ಚರಿಕೆಯ ಗಂಟೆ.

ಬಾಡಿಗೆ ಸೈನಿಕರನ್ನು ಕಳಿಸಿಬಿಡಿ. ರಾಜ್ಯದ ಒಳಗಡೆ, ಗಡಿಯಿಂದ ದೂರ ಇರುವ ಕೋಟೆಗಳನ್ನು ಮಲಗಿಸಿ, ಖರ್ಚು ಅರ್ಧ ಆಗುತ್ತದೆ. ಹೊಸ ಕಟ್ಟಡ ಸದ್ಯಕ್ಕೆ ಬೇಡ. ಸೈನ್ಯದ ಖರ್ಚಿನ ಸ್ಲೈಡರ್ ಇಳಿಸುವಾಗ ಮಾತ್ರ ಹುಷಾರು. ಅದು ಇಳಿದರೆ ಸೈನ್ಯದ ಮನೋಬಲವೂ ಇಳಿಯುತ್ತದೆ. ಬಂಡಾಯದ ಪ್ರಗತಿ 80 ದಾಟಿದ ಗುಂಪು ಒಂದಾದರೂ ಇದ್ದರೆ ಸ್ಲೈಡರ್ ಮುಟ್ಟಬೇಡಿ. ದುಡ್ಡು ಉಳಿಸಲು ಹೋಗಿ, ರೈತರ ಗುಂಪಿನ ಮುಂದೆ ಇಪ್ಪತ್ತು ರೆಜಿಮೆಂಟ್ ಓಡಿಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

## ಹಂತ 8: ಬೇಲಿಯ ಆಚೆ ನೋಡಿ

ನೀವು ಒಳಗೆ ಒದ್ದಾಡುತ್ತಿರುವಾಗ ಹೊರಗೆ ನಿಮ್ಮ ವಿರುದ್ಧ ಕೋಲಿಶನ್ (ಹಲವು ರಾಜ್ಯಗಳ ಒಕ್ಕೂಟ) ಕಟ್ಟುತ್ತಿರುತ್ತಾರೆ. ಯಾವುದೇ ರಾಜ್ಯಕ್ಕೆ ನಿಮ್ಮ ಮೇಲಿನ ಅಗ್ರೆಸಿವ್ ಎಕ್ಸ್‌ಪಾನ್ಶನ್ (ನೆಲ ಕಬಳಿಸಿದ್ದಕ್ಕೆ ಬಂದ ಸಿಟ್ಟು) 50 ದಾಟಿ, ನಿಮ್ಮ ಬಗ್ಗೆ ಅಭಿಪ್ರಾಯವೂ ಕೆಟ್ಟಿದ್ದರೆ, ಅದು ಕೋಲಿಶನ್ ಸೇರಬಹುದು. ಈ ಸಿಟ್ಟು ವರ್ಷಕ್ಕೆ ಸುಮಾರು 2ರಂತೆ ತಾನೇ ಇಳಿಯುತ್ತದೆ. ಆದರೆ ಓವರ್‌ಎಕ್ಸ್‌ಟೆನ್ಶನ್ ಸಂಬಂಧ ಸುಧಾರಣೆಯ ವೇಗವನ್ನೇ ಕುಂದಿಸುತ್ತದೆ, 100% ಇದ್ದರೆ ಅರ್ಧಕ್ಕೆ. ಅಂದರೆ ಒಳಗಿನ ಭಾರ ಇಳಿಯದಿದ್ದರೆ ಹೊರಗಿನ ಸಿಟ್ಟೂ ಬೇಗ ಇಳಿಯುವುದಿಲ್ಲ. ಎರಡೂ ಒಂದೇ ಹಗ್ಗದ ತುದಿಗಳು.

ಇಬ್ಬರು ರಾಯಭಾರಿಗಳನ್ನು ತಕ್ಷಣ ಕಳಿಸಿ. 50ರ ಆಸುಪಾಸಿನಲ್ಲಿ ಇರುವ ರಾಜ್ಯಗಳಿಗೆ ಮಾತ್ರ. 90 ದಾಟಿದವನನ್ನು ಸಮಾಧಾನ ಮಾಡಲು ಹೋಗಿ ಕಾಲ ಕಳೆಯಬೇಡಿ, 10 ಇರುವವನಿಗೆ ಬೇಕಾಗಿಲ್ಲ. ನಿಮ್ಮ ಜೊತೆ ಟ್ರೂಸ್ (ಸಂಧಿಯ ನಂತರದ ಕದನವಿರಾಮ) ಇರುವ ರಾಜ್ಯ ಕೋಲಿಶನ್ ಸೇರಲಾರದು ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಟ್ರೂಸ್ 5ರಿಂದ 15 ವರ್ಷ, ಸಂಧಿಯಲ್ಲಿ ಜಾಸ್ತಿ ತಗೊಂಡಷ್ಟೂ ಉದ್ದ.

ಟ್ರೂಸ್ ಮುರಿದು ಯುದ್ಧ ಸಾರುವುದು ಈ ಸ್ಥಿತಿಯಲ್ಲಿ ಆತ್ಮಹತ್ಯೆ. ಸ್ಟೆಬಿಲಿಟಿ ತಳಕ್ಕೆ ಬೀಳುತ್ತದೆ, ಉಳಿದ ಏಳು ಹಂತವೂ ನೀರಲ್ಲಿ ಹೋಮ.

## ಹಂತ 9: ಸ್ಟೇಟ್ ಮಾಡುವ ಸಮಯ

ಕೋರ್‌ಗಳು ಮುಗಿದು, ಓವರ್‌ಎಕ್ಸ್‌ಟೆನ್ಶನ್ ಸೊನ್ನೆಗೆ ಬಂದ ಮೇಲೆ ಇಲ್ಲಿಗೆ ಬನ್ನಿ. ಆಡಳಿತ ಸಾಮರ್ಥ್ಯಕ್ಕೆ ಒಂದು ಮಿತಿ ಇದೆ. ಸ್ಟೇಟ್ ಮಾಡಿದ ನೆಲ ಅದರಲ್ಲಿ ಜಾಸ್ತಿ ಜಾಗ ತಿನ್ನುತ್ತದೆ, ಟೆರಿಟರಿ ಕಡಿಮೆ. ಮಿತಿ ದಾಟಿದರೆ ಕೋರ್ ಬೆಲೆ, ಸ್ಟೆಬಿಲಿಟಿ ಬೆಲೆ, ಸಲಹೆಗಾರರ ಸಂಬಳ ಎಲ್ಲ ಏರುತ್ತವೆ.

ಡೆವಲಪ್‌ಮೆಂಟ್ ಜಾಸ್ತಿ ಇರುವ, ನಿಮ್ಮ ಸಂಸ್ಕೃತಿಯ ಅಥವಾ ಒಪ್ಪಿಕೊಂಡ ಸಂಸ್ಕೃತಿಯ ಪ್ರದೇಶಗಳನ್ನು ಮಾತ್ರ ಸ್ಟೇಟ್ ಮಾಡಿ. ದೊಡ್ಡ ಪ್ರಾಂತಗಳಲ್ಲಿ ಕೋರ್ಟ್‌ಹೌಸ್ ಕಟ್ಟಿಸಿದರೆ ಜಾಗ ಉಳಿಯುತ್ತದೆ. ಮಿಕ್ಕದ್ದು ಟೆರಿಟರಿಯಾಗಿಯೇ ಇರಲಿ.

ಇದೇ ಹೊತ್ತಿಗೆ ಐಡಿಯಾ ಆರಿಸಿ. ಪದೇ ಪದೇ ಯುದ್ಧ ಮಾಡುವವರಿಗೆ ಅಡ್ಮಿನಿಸ್ಟ್ರೇಟಿವ್ ಗುಂಪು, ಅದರಲ್ಲಿ ಕೋರ್ ಬೆಲೆ 25% ಇಳಿಸುವ ಐಡಿಯಾ ಇದೆ. ಬೇರೆ ಬೇರೆ ಧರ್ಮ, ಸಂಸ್ಕೃತಿಯ ನೆಲ ಜಾಸ್ತಿ ಇದ್ದರೆ ಹ್ಯೂಮನಿಸ್ಟ್ ಗುಂಪು, ಅದು ಪ್ರತ್ಯೇಕತೆಯ 30 ವರ್ಷದಲ್ಲಿ 10 ವರ್ಷ ಕಡಿಮೆ ಮಾಡುತ್ತದೆ. ದಖ್ಖನ್‌ನಲ್ಲಿ ಆಡುವಾಗ ನನ್ನ ಮತ ಹ್ಯೂಮನಿಸ್ಟ್ ಕಡೆಗೆ. ಅಡ್ಮಿನ್ ಪಾಯಿಂಟ್ ಮುಂದೆಯೂ ಗಳಿಸಬಹುದು. ಎಲ್ಲ ದಿಕ್ಕಿನಲ್ಲಿ ಎದ್ದ ಬಂಡಾಯ ಕಾಯಲು ಬಿಡುವುದಿಲ್ಲ.

## ಹಂತ 10: ಮುಂದಿನ ಸಂಧಿಯ ಪರದೆ

ಇಡೀ ಕಾಯಿಲೆ ಹುಟ್ಟುವುದು ಈ ಒಂದು ಪರದೆಯಲ್ಲಿ. ಶತ್ರು ನೆಲಕ್ಕೆ ಬಿದ್ದಿದ್ದಾನೆ, ವಾರ್‌ಸ್ಕೋರ್ (ಯುದ್ಧದಲ್ಲಿ ಗಳಿಸಿದ ಅಂಕ) 90 ದಾಟಿದೆ, ಪ್ರಾಂತಗಳು ಒಂದೊಂದಾಗಿ ಹಸಿರಾಗುತ್ತಾ ಹೋಗುತ್ತವೆ. ಅಲ್ಲಿ ಕೈ ತಡೆಯಬೇಕು.

ಅದೇ ಪರದೆಯಲ್ಲಿ, ಈ ಸಂಧಿಯಿಂದ ನಿಮ್ಮ ಓವರ್‌ಎಕ್ಸ್‌ಟೆನ್ಶನ್ ಎಷ್ಟಾಗುತ್ತದೆ ಎಂದು ಆಟವೇ ತೋರಿಸುತ್ತದೆ. ಒಂದೊಂದು ಪ್ರಾಂತ ಸೇರಿಸಿದಾಗಲೂ ಆ ಸಂಖ್ಯೆ ನೋಡಿ. 80 ನನ್ನ ಗೆರೆ. 100 ತನಕ ಹೋಗಬಹುದಲ್ಲ ಅನ್ನಬಹುದು. ಆದರೆ ಸಾಮಂತನೋ ಮಿತ್ರನೋ ಇನ್ನೊಂದು ಯುದ್ಧಕ್ಕೆ ಎಳೆದಾಗ ಸ್ವಲ್ಪ ಜಾಗ ಬೇಕು.

ಅದಕ್ಕಿಂತ ಮುಖ್ಯ, ನೋಟ್‌ಬುಕ್ ತೆಗೆಯಿರಿ. ಕೈಯಲ್ಲಿರುವ ಅಡ್ಮಿನ್ ಪಾಯಿಂಟ್, ಅದರ ಜೊತೆ ಮುಂದಿನ 12 ತಿಂಗಳ ಆದಾಯ. ಎರಡನ್ನೂ ಕೂಡಿಸಿ. ಅಷ್ಟರಲ್ಲಿ ಕೋರ್ ಆಗುವಷ್ಟೇ ಪ್ರಾಂತ ತಗೊಳ್ಳಿ. ಮಿಕ್ಕ ವಾರ್‌ಸ್ಕೋರ್‌ಗೆ ದುಡ್ಡು, ಪರಿಹಾರ, ಅಥವಾ ಶತ್ರುವಿನ ಒಡಲಿನಿಂದ ಒಂದು ರಾಜ್ಯ ಬಿಡಿಸುವುದು. ಬಿಟ್ಟ ಪ್ರಾಂತ ಎಲ್ಲಿಗೂ ಓಡಿಹೋಗುವುದಿಲ್ಲ. 1444ರ ನವೆಂಬರ್ 11ರಂದು ಶುರುವಾಗುವ ಆಟ 1821ರ ತನಕ ನಡೆಯುತ್ತದೆ, ಟ್ರೂಸ್ ಮುಗಿದ ಮೇಲೆ ಮತ್ತೆ ಹೋಗಬಹುದು.

ಟ್ರೂಸ್ ನಡೆಯುವಾಗ ಸುಮ್ಮನೆ ಕೂರಬೇಡಿ. ರಾಯಭಾರಿಯನ್ನು ಬಿಟ್ಟು ಗೂಢಚಾರರ ಜಾಲ ಕಟ್ಟಿಸಿ, ಮುಂದೆ ಬೇಕಾದ ಪ್ರಾಂತಗಳ ಮೇಲೆ ಕ್ಲೇಮ್ ಮಾಡಿಸಿ. ಕ್ಲೇಮ್ 25 ವರ್ಷ ಉಳಿಯುತ್ತದೆ. ತೀರಾ ಮುಂಚೆ ಮಾಡಿದರೆ ಯುದ್ಧದ ಹೊತ್ತಿಗೆ ಹಳಸುತ್ತದೆ, ಟ್ರೂಸ್ ಮುಗಿಯಲು ಐದು ವರ್ಷ ಇರುವಾಗ ಶುರು ಮಾಡುವುದು ಸರಿ. ಎರಡು ನೆರೆಯವರ ಟ್ರೂಸ್ ಬೇರೆ ಬೇರೆ ವರ್ಷ ಮುಗಿಯುವ ಹಾಗೆ ಯುದ್ಧ ಜೋಡಿಸಿಕೊಂಡರೆ ಇನ್ನೂ ಒಳ್ಳೆಯದು. ಒಂದು ಕಡೆ ಕೋರ್ ಮುಗಿಯುವ ಹೊತ್ತಿಗೆ ಇನ್ನೊಂದು ಕಡೆ ದಾರಿ ತೆರೆದಿರುತ್ತದೆ.

ತಮ್ಮ ಆ ದಿನ ರಾತ್ರಿ ಊಟ ಮುಗಿಸಿ ಇಲ್ಲೇ ಕೂತು ಮುಂದುವರಿಸಿದ. ಎರಡು ಬಂಡಾಯ ಎದ್ದವು, ಎರಡನ್ನೂ ಹತ್ತಿರ ಕೂರಿಸಿದ್ದ ಸೈನ್ಯವೇ ಮುಗಿಸಿತು. ನಾಲ್ಕು ಕೋರ್ ಮುಗಿಯಲು ಐದೂವರೆ ವರ್ಷ ಹಿಡಿಯಿತು. ಏಳು ಸಾಲದಲ್ಲಿ ಐದು ತೀರಿವೆ. ಈಗ ಬಹಮನಿಯ ಜೊತೆಗಿನ ಟ್ರೂಸ್ ಮುಗಿಯಲು ಎರಡು ವರ್ಷ ಇದೆ, ನಾಲ್ಕು ಕ್ಲೇಮ್ ಸಿದ್ಧ ಇವೆ. ಅಡ್ಮಿನ್ ಟೆಕ್ ಸೂಚನೆ ಮೇಲೆ ಹೊಳೆಯುತ್ತಲೇ ಇದೆ. ಅವನು ಅದನ್ನು ಮುಟ್ಟಿಲ್ಲ.